ಮೇಣದ ಗಿಡದ ಪಾಲು

ಜನವರಿ ೯

ಹಲ್ಲಿನವಳೇ,

ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಚೆನ್ನಾಗಿ ಕೂತಿದೆ. ಸಿಟ್ಟು ಬಂದು ಮಾತಾಡಿದಾಗ ಮಾತ್ರ ಮೇಲಿನ ಸಾಲು ಟಕ್ಕೆಂದು ಸದ್ದು ಮಾಡುತ್ತದೆ. ಹಾಗಾದರೆ ಸಿಟ್ಟು ಕಡಿಮೆ ಮಾಡಿ ಎಂದು ನೀನು ಬರೆಯುತ್ತೀಯ, ಗೊತ್ತು. ನನ್ನ ಬುದ್ಧಿ ತಿದ್ದುವುದಕ್ಕಿಂತ ಹಲ್ಲು ತಿದ್ದುವುದು ಸುಲಭ, ಅದನ್ನೇ ಮಾಡು.

ಫೋನ್ ತೆಗೆದುಕೊಳ್ಳಿ ಅಂತ ಮತ್ತೆ ಹಳೇ ರಾಗ ಹಾಡಿದ್ದೀಯ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಜೀವಮಾನವಿಡೀ ಊರವರ ಮಾತನ್ನು ಕಿವಿಗೆ ಸುರಿದುಕೊಂಡವಳು ನಾನು. ಯಾರು ಯಾರಿಗೆ ಸುಳ್ಳು ಹೇಳುತ್ತಾರೆ, ಯಾರು ಫೋನಿಟ್ಟ ಮೇಲೆ ಅಳುತ್ತಾರೆ, ಎಲ್ಲ ಗೊತ್ತಿತ್ತು. ನಿವೃತ್ತಿಯ ದಿನ ಕಿವಿಯಿಂದ ಆ ಯಂತ್ರ ಕಳಚಿಟ್ಟಾಗ, ಇನ್ನು ಸಾಕಪ್ಪಾ ಎಂದುಕೊಂಡೆ. ಕಾಗದವಾದರೆ ಬೇಕಾದಾಗ ಓದಬಹುದು, ಬೇಡವಾದಾಗ ಮಡಚಿಡಬಹುದು.

ಈಗ ವಿಷಯ ಮೇಣದ ಗಿಡದ್ದು. ಈ ಚಳಿಗಾಲವೂ ಒಂದು ಕಾಯಿ ಇಲ್ಲ. ಎಲೆಗೇನೂ ಕೊರತೆಯಿಲ್ಲ, ಹಿತ್ತಿಲಿನ ಮರಗಳೆಲ್ಲ ಬೋಳಾಗಿ ನಿಂತಿರುವಾಗ ಇದೊಂದೇ ಹಸಿರು. ಆದರೆ ಕಾಯಿ ಮಾತ್ರ ಕಣ್ಣಿಗೆ ಹಚ್ಚೋಣವೆಂದರೂ ಇಲ್ಲ. ನನ್ನ ಮಗನಿದ್ದಾಗ ಹೇಗೆ ಬಿಡುತ್ತಿತ್ತು ನೆನಪಿದೆಯಾ? ರಸ್ತೆ ಅಗಲ ಮಾಡುವಾಗ ರೋಡ್ ರೋಲರ್ ನಿಲ್ಲಿಸಿ ಇಳಿದು, ಎರಡು ಗಿಡ ಬೇರುಸಹಿತ ಕಿತ್ತು ಗೋಣಿಯಲ್ಲಿ ಹೊತ್ತು ತಂದಿದ್ದ. "ಅಮ್ಮಾ, ನನ್ನ ಗಾಲಿ ಕೆಳಗೇ ಹೋಗೋದಿತ್ತು ಇವೆರಡೂ. ಮನಸ್ಸು ಬರಲಿಲ್ಲ" ಅಂದಿದ್ದ. ಈ ಕಡೆಯ ಕಾಡುಗಿಡ, ಬರೀ ಮರಳಿನಲ್ಲೂ ಬರುತ್ತದೆ, ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ.

ಎದೆ ನೋಯುತ್ತಿದೆ ಎಂದು ಕೂತವನು ಏಳಲಿಲ್ಲ. ಆಮೇಲೆ ನಿನಗೆ ಆ ಊರಿನ ಹಲ್ಲಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವನು ಬಿಟ್ಟುಹೋದದ್ದು ಎರಡು ಗಿಡ, ಉಳಿದವರು ನಾವಿಬ್ಬರು, ಆಳಿಗೊಂದು ಎಂದು ನಾನೇ ಪಾಲು ಮಾಡಿದೆ. ಅಂದಿನಿಂದ ನನ್ನ ಗಿಡ ಕಾಯಿ ಬಿಟ್ಟಿಲ್ಲ. ಅವನು ಹೋದದ್ದು ಅದಕ್ಕೂ ತಿಳಿಯಿತೋ ಏನೋ. ನಿನ್ನ ಪಾಲಿನದು ಹೇಗಿದೆ, ಬರೆ.

ಇಂತಿ,
ನಿನ್ನ ಅತ್ತೆ


ಜನವರಿ ೨೪

ಅತ್ತೆಯವರಿಗೆ ನಮಸ್ಕಾರಗಳು.

ಮೇಲಿನ ಸೆಟ್ಟನ್ನು ನನಗೆ ಪಾರ್ಸೆಲ್ ಮಾಡಿ. ಅಂಗುಳಿನ ಕಡೆ ಸ್ವಲ್ಪ ಉಜ್ಜಿ ಕಳಿಸುತ್ತೇನೆ. ಅಲ್ಲಿಯವರೆಗೆ ಸಿಟ್ಟನ್ನು ಕೆಳಗಿನ ಸಾಲಿನಿಂದಲೇ ನಿಭಾಯಿಸಿ.

ನನ್ನ ಗಿಡವೂ ಕಾಯಿ ಬಿಟ್ಟಿಲ್ಲ. ಜಾಗ ಬದಲಾದದ್ದಕ್ಕೆ ಕೊರಗುತ್ತಿದೆ ಎಂದುಕೊಂಡು ನಾನು ನಿಮಗೆ ಹೇಳಿರಲಿಲ್ಲ. ಆದರೆ ಕೊರಗುವ ಗಿಡ ಹೀಗೆ ಬೆಳೆಯುತ್ತದೆಯೇ? ನನ್ನ ಎತ್ತರ ದಾಟಿ ಕಿಟಕಿಗೆ ಬಂದಿದೆ. ನೀವು ನೋಡಿದ್ದೀರಲ್ಲ, ನನ್ನ ಬಾಡಿಗೆ ಮನೆಯ ಹಿಂದೆ ಇರುವುದು ಮಣ್ಣಲ್ಲ, ಗೋಡೆ ಒಡೆದ ಇಟ್ಟಿಗೆ ಚೂರು ಮತ್ತು ಸುಣ್ಣ. ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಈಗ ಗಿಡದ ಬುಡದಲ್ಲಿ ಸುತ್ತಲೂ ಹುಲ್ಲು, ಹುಲ್ಲಿನಲ್ಲಿ ಹೆಸರು ಗೊತ್ತಿಲ್ಲದ ನೀಲಿ ಹೂ. ಒಂದು ಭಾನುವಾರ ಬೇರು ಸ್ವಲ್ಪ ಕೆದಕಿ ನೋಡಿದೆ. ಬೇರಿನ ತುಂಬ ಗಂಟು ಗಂಟು. ರೋಗವೆಂದು ಹೆದರಿ ನರ್ಸರಿಯಲ್ಲಿ ಕೇಳಿದರೆ, ಅವೇ ಅದರ ಅಡುಗೆಮನೆಯಂತೆ. ಗಾಳಿಯಲ್ಲಿರುವ ಸತ್ವ ಹಿಡಿದು ಅಲ್ಲಿ ಗೊಬ್ಬರ ಮಾಡಿಕೊಳ್ಳುತ್ತದಂತೆ, ಎಲೆ ಉದುರಿ ಕೊಳೆತಾಗ ಅಕ್ಕಪಕ್ಕದವಕ್ಕೂ ಸಿಗುತ್ತದಂತೆ. ಗಾಳಿಯಿಂದ, ಅತ್ತೆ! ಆ ಗಂಟುಗಳನ್ನು ಮತ್ತೆ ಮಣ್ಣಿನಲ್ಲಿ ಮುಚ್ಚುವಾಗ ಮಲಗಿದ ಮಗುವಿಗೆ ಹೊದಿಸಿದ ಹಾಗೆ ಮುಚ್ಚಿದೆ.

ಹೆತ್ತವರ ಮುಖವೇ ನೆನಪಿಲ್ಲದವಳು ನಾನು. ಈ ಊರಿನಲ್ಲಿ ನನ್ನದು ಎಂದು ಇರುವುದು ನಿಮ್ಮ ಕಾಗದ ಮತ್ತು ಈ ಗಿಡ. ಹೂ ಬಂದಾಗ ನಿಮ್ಮ ಗಿಡದ ಒಂದು ಕೊಂಬೆ ಕಳಿಸಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ.

ಇಂತಿ,
ನಿಮ್ಮ ಸೊಸೆ


ಮಾರ್ಚ್ ೨೪

ಹಲ್ಲಿನವಳೇ,

ಹಲ್ಲು ಬಂತು. ಈಗ ಬೈದರೂ ಸದ್ದಿಲ್ಲ, ಬೈಗುಳದ ಖದರೇ ಹೋಯಿತು.

ಕೊಂಬೆ ಇಟ್ಟಿದ್ದೇನೆ. ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದ್ದೇನೆ. ಇದನ್ನು ಹೂ ಎನ್ನುವುದು ಹೇಗೋ, ಎಲೆಯ ಬುಡದಲ್ಲಿ ಹುಳದಷ್ಟು ಮೊಗ್ಗು, ಅದರಿಂದ ಕೆಂಪು ಕೂದಲು ಇಣುಕಿದೆ, ಅಷ್ಟೇ. ಕೊಂಬೆ ಕತ್ತರಿಸಿದ ಕೈ ತೊಳೆಯಲಿಲ್ಲ. ಆ ಎಲೆಯ ಘಮ ಸಂಜೆಯವರೆಗೂ ಬೆರಳಲ್ಲಿತ್ತು. ಇವನು ಕೆಲಸದಿಂದ ಬಂದರೆ ಡಾಂಬರಿನ ವಾಸನೆ ಹೋಗಲೆಂದು ಇದೇ ಎಲೆ ಕಿತ್ತು ಅಂಗೈಗೆ ಉಜ್ಜಿಕೊಂಡು ಒಳಗೆ ಬರುತ್ತಿದ್ದ. ನಿನಗೆ ಗೊತ್ತೇ ಇದೆ, ಸುಮ್ಮನೆ ಬರೆದೆ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಇವನು ಹೇಗೆ ನಗುತ್ತಿದ್ದ ಎಂದು ನನ್ನ ಬಿಟ್ಟರೆ ಗೊತ್ತಿರುವುದು ನಿನಗೊಬ್ಬಳಿಗೇ. ನೀನು ಕಾಗದ ಬರೆಯುವವರೆಗೆ ಅವನು ಪೂರ್ತಿ ಹೋಗಿಲ್ಲ ಎಂದು ನನಗನ್ನಿಸುತ್ತದೆ. ಆದ್ದರಿಂದ ಬರೆಯುತ್ತಿರು.

ಇಂತಿ,
ನಿನ್ನ ಅತ್ತೆ


ಮಾರ್ಚ್ ೨೯

ಅತ್ತೆಯವರಿಗೆ ನಮಸ್ಕಾರಗಳು.

ಕೊಂಬೆ ಬಾಡದೆ ಬಂತು. ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ, ಮೇಣದಲ್ಲಿ ಹಲ್ಲು ಕೆತ್ತುವ ನನ್ನ ಮೇಜಿನ ಮೇಲೆ ನಿಮ್ಮ ಕೊಂಬೆ, ನನ್ನ ಕೊಂಬೆ ಎರಡನ್ನೂ ಇಟ್ಟು ಭೂತಗನ್ನಡಿ ಎಳೆದುಕೊಂಡೆ.

ಮೊದಲು ಎಲೆ ನೋಡಿದೆ. ಅತ್ತೆ, ಆ ಎಲೆಯ ತುಂಬ ಚಿನ್ನದ ಚುಕ್ಕಿಗಳಿವೆ! ಬರಿಗಣ್ಣಿಗೆ ಕಾಣದಷ್ಟು ಸಣ್ಣವು, ಒಂದೊಂದೂ ದುಂಡಗೆ, ಹೊಳೆಯುತ್ತಾ. ಘಮ ಇರುವುದು ಅವುಗಳಲ್ಲೇ ಇರಬೇಕು. ಇಷ್ಟು ವರ್ಷ ನಾವು ಅಂಗೈಯಲ್ಲಿ ಉಜ್ಜಿ ಬಿಸಾಡಿದ್ದು ಇದನ್ನು. ಊಟ ಮರೆತು ಕೂತೆ.

ಆಮೇಲೆ ಹೂ. ನಿಮ್ಮದರಲ್ಲಿ ಪ್ರತಿಯೊಂದು ಹೂವಿಗೂ ಎರಡು ಕೆಂಪು ನಾಲಗೆ, ಏನನ್ನೋ ರುಚಿ ನೋಡಲು ಹೊರಚಾಚಿದ ಹಾಗೆ. ನನ್ನದರಲ್ಲಿ ನಾಲಗೆಯೇ ಇಲ್ಲ, ಪುಟ್ಟ ಪುಟ್ಟ ಹಳದಿ ಚೀಲ. ಸೂಜಿ ತಾಗಿಸಿದ್ದೇ ತಡ, ಬುಸ್ಸೆಂದು ಹಳದಿ ಪುಡಿ ಎದ್ದು ಕನ್ನಡಿ ಮುಚ್ಚಿಹೋಯಿತು. ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ ಇರುವುದಿಲ್ಲವೇ? ಇದೂ ಹಾಗೆಯೇ. ನಿಮ್ಮದು ಹೆಣ್ಣು, ನನ್ನದು ಗಂಡು. ಪಾಲು ಮಾಡುವಾಗ ನಾವು ಗಿಡ ಎಣಿಸಿದೆವು, ನೋಡಲಿಲ್ಲ. ಗಂಡ ಹೆಂಡತಿಯನ್ನು ಆಳಿಗೊಂದರಂತೆ ಹಂಚಿಕೊಂಡೆವು!

ನಿಮ್ಮ ಗಿಡ ಕೊರಗುತ್ತಿಲ್ಲ, ಅತ್ತೆ. ಒಂಟಿಯಾಗಿದೆ, ಅಷ್ಟೇ. ಈ ಪುಡಿಯನ್ನು ಹೊತ್ತೊಯ್ಯುವುದು ದುಂಬಿಯೂ ಅಲ್ಲ, ಬರೀ ಗಾಳಿ. ನಮ್ಮಿಬ್ಬರ ನಡುವೆ ಒಂದು ಹಗಲಿನ ರೈಲು ದಾರಿ. ಗಾಳಿ ಅಷ್ಟು ದೂರ ಬರಲಾರದು.

ಇನ್ನೊಂದು ವಿಷಯ. ಹೇಗೆ ಬರೆಯಬೇಕೋ ತಿಳಿಯದೆ ಮುಂದೂಡುತ್ತಾ ಬಂದೆ. ಇಲ್ಲಿ ಒಬ್ಬರಿದ್ದಾರೆ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಪರೀಕ್ಷೆ ಮಾಡುವ ಇಲಾಖೆಯವರು. ನಾನು ಅವರನ್ನು ತಕ್ಕಡಿಯವರು ಎನ್ನುತ್ತೇನೆ. ಮಾತು ಕಮ್ಮಿ, ಆಡಿದ ಮಾತು ತೂಕ ತಪ್ಪುವುದಿಲ್ಲ. ಮದುವೆಯಾಗೋಣವೇ ಎಂದು ಕೇಳಿದ್ದಾರೆ. ಅವರ ಮನೆಯವರೂ ಒಪ್ಪಿದ್ದಾರೆ. ನಾನು ನಿಮಗೆ ತಿಳಿಸದೆ ಹೂಂ ಎನ್ನಲಾರೆ.

ಇಂತಿ,
ನಿಮ್ಮ ಸೊಸೆ


ಏಪ್ರಿಲ್ ೨

ಕಾಗದ ತಲುಪಿತು.

ಗಿಡದ ಪಾಠದೊಳಗೆ ಮದುವೆ ಸುದ್ದಿ ಸುತ್ತಿ ಕಳಿಸಬೇಕಾಗಿರಲಿಲ್ಲ. ಸುತ್ತಿ ಬಳಸಿ ಮಾತಾಡುವವರನ್ನು ನಾನು ಸಾಕಷ್ಟು ಕೇಳಿದ್ದೇನೆ, ಎರಡನೇ ಮಾತಿಗೇ ತಿಳಿದುಬಿಡುತ್ತದೆ. ಒಂಟಿತನ ಎಂದರೇನೆಂದು ತಿಳಿಯಲು ನನಗೆ ಭೂತಗನ್ನಡಿ ಬೇಡ. ನಿನ್ನ ಮಾವ ಹೋದಾಗ ಇವನಿನ್ನೂ ಅಂಬೆಗಾಲಿಡುತ್ತಿದ್ದ. ನನ್ನ ಬಳಿಗೆ ಯಾವ ಗಾಳಿಯೂ ಏನನ್ನೂ ಹೊತ್ತು ತರಲಿಲ್ಲ. ಆದರೂ ನಿಂತೆ.

ನೀನು ಮದುವೆಯಾಗು. ನಾನು ಬೇಡವೆಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಆದರೆ ಇನ್ನು ಮೇಲೆ ನನ್ನನ್ನು ಅತ್ತೆ ಎಂದು ಬರೆಯಬೇಡ. ಆ ಹೆಸರಿಗೆ ಈಗ ಬೇರೆಯವರಿದ್ದಾರೆ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಕಾಯಿ ಬಿಡದ ಗಿಡವನ್ನು ಮಳೆ ಕಳೆದ ಮೇಲೆ ಕಡಿಸಿ, ಬಟ್ಟೆ ಒಣಗಿಸಲು ಜಾಗ ಮಾಡಿಕೊಳ್ಳುತ್ತೇನೆ.

ಇಂತಿ,
ನಿನ್ನ ಹಳೆಯ ಪರಿಚಯದವಳು


ಏಪ್ರಿಲ್ ೨೫
(ಕಾರ್ಡು)

ನಮಸ್ಕಾರಗಳು. ಏನೆಂದು ಕರೆಯಬೇಕೋ ತಿಳಿಯದೆ ಮೇಲಿನ ಸಾಲು ಖಾಲಿ ಬಿಟ್ಟಿದ್ದೇನೆ.

ಏಳನೇ ತಾರೀಕು ಒಂದು ದಪ್ಪ ಲಕೋಟೆ ಹಾಕಿದ್ದೆ. ತಲುಪಿತೇ? ಅದರಲ್ಲಿ ಬರೆದದ್ದಕ್ಕೆ ನಿಮ್ಮ ಉತ್ತರ ಏನಾದರೂ ಸರಿ, ಒಂದು ಸಾಲು ಬರೆಯಿರಿ. ಬೈದರೂ ಸರಿ.

ಇಂತಿ,
ಹಲ್ಲಿನವಳು


ಅಕ್ಟೋಬರ್ ೧೧

ಹಲ್ಲಿನವಳೇ,

ಎಲ್ಲಿಂದ ಶುರು ಮಾಡಲಿ? ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೋ.

ಈ ಬೆಳಿಗ್ಗೆ ಗರಗಸದವನು ಬಂದ. ಗಿಡ ಕಡಿಸಲು ನಾನೇ ಹೇಳಿಕಳಿಸಿದ್ದೆ. ಹಿತ್ತಿಲ ಬಾಗಿಲು ತೆಗೆಯಲು ಹೋದರೆ ಅಗುಳಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಏಪ್ರಿಲ್‌ನಿಂದ ಆ ಬಾಗಿಲು ತೆಗೆದಿರಲಿಲ್ಲ, ಆ ಗಿಡದ ಮುಖ ನೋಡಬಾರದೆಂಬ ಹಟ. ಬಟ್ಟೆಯನ್ನೂ ಮುಂದಿನ ಜಗಲಿಯಲ್ಲೇ ಒಣಗಿಸುತ್ತಿದ್ದೆ. ಬಾಗಿಲಾಚೆಯಿಂದ ಹಕ್ಕಿಗಳ ಗಲಾಟೆ ಕೇಳುತ್ತಿತ್ತು. ಬೆಕ್ಕು ಬಂದಿರಬೇಕು ಎಂದುಕೊಂಡೆ. ಅವನು ಭುಜ ಕೊಟ್ಟು ನೂಕಿ ಬಾಗಿಲು ತೆಗೆದು, ಹೊರಗೆ ಕಾಲಿಟ್ಟು, ಗರಗಸ ಕೆಳಗಿಟ್ಟ.

"ಏನಮ್ಮಾ, ಇದನ್ನಾ ಕಡಿಯೋದು?" ಅಂದ.

"ಹೂಂ, ಇದೇ. ಕಾಯಿ ಬಿಡಲ್ಲ, ಸುಮ್ನೆ ಜಾಗ ತಿಂತಿದೆ" ಅಂದೆ, ಹಿಂದಿನಿಂದಲೇ.

"ನೀವು ಕನ್ನಡಕ ಹಾಕ್ಕೊಂಡು ಬನ್ನಿ" ಅಂದ.

ಕನ್ನಡಕ ಕಣ್ಣ ಮೇಲೇ ಇತ್ತು. ನಾನು ಹೊರಗೆ ಬಂದೆ. ನೂರಾರು ಹಕ್ಕಿಗಳು ಒಟ್ಟಿಗೆ ಎದ್ದವು, ತಲೆಯ ಮೇಲೆ ಒಂದು ಸುತ್ತು ಹಾಕಿ, ನಮ್ಮನ್ನು ಲೆಕ್ಕಕ್ಕೇ ಇಡದೆ ಮತ್ತೆ ಅದೇ ಗಿಡದ ಮೇಲೆ ಇಳಿದವು. ಕೊಂಬೆಗೆ ಅಂಟಿಕೊಂಡು ಗೊಂಚಲು ಗೊಂಚಲು ಕಾಯಿ. ಮೆಣಸಿನ ಕಾಳಿನಷ್ಟು ಸಣ್ಣವು, ಬೂದು ನೀಲಿ ಬಣ್ಣ, ಮೇಲೆ ಬೆಳ್ಳಗೆ ಮೇಣ. ಕೆಳಗಿನ ಕಾಯಿಯ ಮೇಲೆ ಮೇಲಿನದು ಹತ್ತಿ ಕೂತು, ಕೊಂಬೆಯ ತೊಗಟೆಯೇ ಕಾಣುತ್ತಿರಲಿಲ್ಲ. ಒಂದನ್ನು ಕಿತ್ತು ಬೆರಳಿನಲ್ಲಿ ತಿಕ್ಕಿದೆ. ಮೇಣ ಕರಗಿ ಘಮ ಬಂತು. ಕಡಿಯುವುದು ಬೇಡ ಎಂದು ಹೇಳಿ ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಗರಗಸದವನು ತನ್ನ ಗರಗಸ ಎತ್ತಿಕೊಂಡ.

ಅವನು ಹೋದ ಮೇಲೆ ಗಿಡದ ಸುತ್ತ ನಡೆದು ನೋಡಿದೆ. ಆಗ ಅಲ್ಲವೇ ಗೊತ್ತಾದದ್ದು! ಕಾಯಿ ಇರುವುದು ಮೆಟ್ಟಿಲ ಕಡೆಯ ಕೊಂಬೆಗಳಲ್ಲಿ ಮಾತ್ರ. ಗೋಡೆಯ ಕಡೆ ತಿರುಗಿದ ಕೊಂಬೆಗಳಲ್ಲಿ ಒಂದೂ ಇಲ್ಲ, ಬರೀ ಎಲೆ. ಒಂದೇ ಗಿಡ, ಅರ್ಧಕ್ಕೆ ಗೆರೆ ಎಳೆದ ಹಾಗೆ.

ಈಗ ಕೇಳು. ಏಪ್ರಿಲ್‌ನಲ್ಲಿ ನಿನ್ನ ದಪ್ಪ ಲಕೋಟೆ ಬಂದಾಗ ನಾನು ಅದೇ ಮೆಟ್ಟಿಲ ಮೇಲೆ ಕೂತಿದ್ದೆ. ಮದುವೆಯ ಕರೆಯೋಲೆ ಎಂದುಕೊಂಡೆ. ಓದಲಿಲ್ಲ. ಲಕೋಟೆಯನ್ನು ತೆರೆಯದೆಯೇ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಹರಿದೆ. ಒಳಗಿನಿಂದ ಹಳದಿ ಪುಡಿ ಭುಗ್ಗೆಂದು ಎದ್ದಿತು. ಗಾಳಿ ಜೋರಾಗಿತ್ತು, ನನ್ನ ಕೈಯಿಂದ ಎತ್ತಿಕೊಂಡು ಹೋಯಿತು. ನನ್ನ ಸೀರೆಯ ಮೇಲೆಲ್ಲ ಹಳದಿ. ಸಿಟ್ಟಿನಲ್ಲಿ ಅದೇನೆಂದು ಹೊಳೆಯಲಿಲ್ಲ, ಕೊಡವಿಕೊಂಡು ಒಳಗೆ ಬಂದು ಬಾಗಿಲು ಹಾಕಿದೆ. ಕಾಗದದ ಚೂರು ಎಲ್ಲಿ ಹೋದವೋ. ಆಮೇಲೆ ನೀನು ಹಾಕಿದ ಕಾರ್ಡಿಗೂ ಉತ್ತರ ಬರೆಯಲಿಲ್ಲ.

ಅಂದರೆ ನೀನು ಪುಡಿ ಕಳಿಸಿದ್ದೆ. ನಾನು ಬರೆದ ಆ ಕಹಿ ಕಾಗದ ಓದಿದ ಮೇಲೂ, ಗಿಡದ ಹೂ ಬಾಡುವ ಮುಂಚೆ ತಲುಪಲಿ ಎಂದು ಪುಡಿ ಕಳಿಸಿದ್ದೆ. ನಾನು ಹರಿದು ಎಸೆದದ್ದು ಆ ಕೆಂಪು ನಾಲಗೆಗಳಿಗೆ ಹೋಗಿ ತಲುಪಿತು. ಜೀವಮಾನವಿಡೀ ಒಂದು ಊರಿನಿಂದ ಇನ್ನೊಂದು ಊರಿಗೆ ಲೈನ್ ಕೊಟ್ಟವಳು ನಾನು. ಈ ಲೈನ್ ಕೊಟ್ಟವರು ಯಾರೇ? ನಾನಂತೂ ಕಿತ್ತು ಹಾಕಿದ್ದೆ. ನನ್ನ ಸಿಟ್ಟನ್ನೂ ಅದು ಕೆಲಸಕ್ಕೆ ಹಚ್ಚಿತಲ್ಲ! ಬೆಳಿಗ್ಗೆಯಿಂದ ಎಷ್ಟು ಸಲ ಹೋಗಿ ನೋಡಿ ಬಂದೆನೋ, ಪ್ರತಿ ಸಲವೂ ಕಾಯಿ ಅಲ್ಲೇ ಇವೆ.

ನೀನು ಇಷ್ಟು ಹೊತ್ತಿಗೆ ಮದುವೆಯಾಗಿ ಆ ಮನೆಯ ಸೊಸೆಯಾಗಿರುತ್ತೀಯ. ಚೆನ್ನಾಗಿರು, ಇದು ಬಾಯಿಮಾತಲ್ಲ. ನಿನ್ನನ್ನು ಕಳೆದುಕೊಂಡರೆ ಇವನನ್ನು ಎರಡನೇ ಸಲ ಕಳೆದುಕೊಳ್ಳುತ್ತೇನೆ ಎಂದು ಹೆದರಿದ್ದೆ. ಹೆದರಿದವಳು ಹೇಳಬಾರದ್ದು ಹೇಳಿದೆ. ಒಂದೇ ಒಂದು ಕೇಳುತ್ತೇನೆ, ಮನಸ್ಸಿದ್ದರೆ ಉತ್ತರ ಬರೆ. ಆ ಲಕೋಟೆಯಲ್ಲಿ ಪುಡಿಯ ಜೊತೆ ಒಂದು ಕಾಗದವೂ ಇತ್ತಲ್ಲ. ಅದರಲ್ಲಿ ಏನು ಬರೆದಿದ್ದೆ?

ಇಂತಿ,
ನಾನು


ಅಕ್ಟೋಬರ್ ೧೬

ಅತ್ತೆಯವರಿಗೆ ನಮಸ್ಕಾರಗಳು.

ನೀವು ಬೇಡವೆಂದರೂ ಹೀಗೇ ಬರೆಯುತ್ತೇನೆ. ಯಾಕೆ ಎನ್ನುವುದು ಆ ಕಾಗದದಲ್ಲೇ ಇತ್ತು.

ನಿಮ್ಮ ಕಾಗದ ಓದಿ ನಾನು ಲ್ಯಾಬಿನಲ್ಲಿ ಎಲ್ಲರೆದುರೇ ಜೋರಾಗಿ ನಕ್ಕೆ. ಆಮೇಲೆ ಅಳು ನಿಲ್ಲಲಿಲ್ಲ. ಕೈಯಲ್ಲಿ ಯಾರದೋ ಮುಂದಿನ ಹಲ್ಲು ಇತ್ತು, ಅದು ಸೊಟ್ಟಗಾಗಿ ಮತ್ತೆ ಕೆತ್ತಬೇಕಾಯಿತು. ಪುಡಿಯನ್ನು ಹೇಗೆ ಉದುರಿಸಬೇಕೆಂದು ಒಂದು ಪುಟ ಬರೆದಿದ್ದೆ, ಅತ್ತೆ. ಗಾಳಿ ಇಲ್ಲದ ಹೊತ್ತು ನೋಡಿ, ಮೃದುವಾದ ಕುಂಚ ತೆಗೆದುಕೊಂಡು, ಒಂದೊಂದು ಹೂವಿಗೂ ನಿಧಾನವಾಗಿ ತಾಗಿಸಿ ಎಂದೆಲ್ಲ. ನೀವು ಮಾಡಿದ್ದು ಅದಕ್ಕೆ ಪೂರಾ ಉಲ್ಟಾ. ಕುಂಚ ಹಿಡಿದು ಕೂತಿದ್ದರೆ ಅರ್ಧ ಗಿಡ ಹಾಗಿರಲಿ, ಒಂದು ಕೊಂಬೆಯೂ ಮುಗಿಯುತ್ತಿರಲಿಲ್ಲ. ಆ ಗಿಡಕ್ಕೆ ಬೇಕಾಗಿದ್ದದ್ದು ಗಾಳಿಯೇ, ಅದನ್ನು ನಾನೇ ನಿಮಗೆ ಬರೆದಿದ್ದೆ, ನಾನೇ ಮರೆತೆ. ಯೋಚಿಸಿದಷ್ಟೂ ಮೈ ಜುಮ್ಮೆನ್ನುತ್ತದೆ.

ಎರಡನೇ ಪುಟದಲ್ಲಿ ಬರೆದದ್ದು ಇಷ್ಟು. ತಕ್ಕಡಿಯವರಿಗೆ ತಾಯಿ ಇಲ್ಲ. ಅವರು ಹುಟ್ಟಿದಾಗಲೇ ಹೋದರಂತೆ. ಮನೆಯವರು ಎಂದು ನಾನು ಬರೆದದ್ದು ಅವರ ಅಣ್ಣನನ್ನು. ಅತ್ತೆ ಎಂದು ಕರೆಯಲು ನನಗೆ ಇನ್ನೊಬ್ಬರು ಬಂದಿಲ್ಲ, ಬರುವುದೂ ಇಲ್ಲ. ನೀವು ಒರೆ, ಕತ್ತಿ ಎಂದೆಲ್ಲ ಬರೆದದ್ದನ್ನು ನಾನು ಇವರಿಗೆ ಓದಿ ಹೇಳಿದೆ. ಇವರು ಕೇಳಿದರು:

"ನಿನ್ನ ಕಡೆಗೆ ದೊಡ್ಡೋರು ಅಂತ ಇರೋದು ಅವರೊಬ್ರೇ ತಾನೆ?"

"ಹೂಂ."

"ಹೆಂಡತಿ ಕಡೆ ತಾಯಿ ಸ್ಥಾನದಲ್ಲಿ ಇರೋರನ್ನ ಗಂಡ ಏನಂತ ಕರೀತಾನೆ?"

"ಅತ್ತೆ ಅಂತ."

"ಮತ್ತಿನ್ನೇನು? ನಿಂಗೂ ಅತ್ತೆ, ನಂಗೂ ಅತ್ತೆ. ಎರಡು ತಟ್ಟೆಗೂ ಒಂದೇ ಬಟ್ಟು. ಹಾಗೆ ಕರೀಬಹುದಾ ಅಂತ ಅವರನ್ನ ಕೇಳು. ಅವರು ಹೂಂ ಅಂದ್ಮೇಲೆ ರಿಜಿಸ್ಟರ್ ಆಫೀಸಿಗೆ ಹೋಗೋಣ."

ಇದನ್ನೇ ಆ ಕಾಗದದಲ್ಲಿ ಕೇಳಿದ್ದೆ. ಉತ್ತರ ಬರಲಿಲ್ಲ. ನೀವು ಒಪ್ಪಿಲ್ಲ ಎಂದುಕೊಂಡೆವು. ಎರಡು ಸಲ ಟಿಕೆಟ್ ತೆಗೆದುಕೊಂಡು ಸ್ಟೇಷನ್ನಿಗೆ ಹೋಗಿ, ಧೈರ್ಯ ಸಾಲದೆ ಹಿಂದಿರುಗಿದೆ. ಇವರು ಒಂದು ದಿನವೂ ಒತ್ತಾಯ ಮಾಡಲಿಲ್ಲ. "ಅವರಿಗೆ ಸಮಯ ಬೇಕೇನೋ, ಕಾಯೋಣ ಬಿಡು" ಎಂದಷ್ಟೇ ಹೇಳುತ್ತಿದ್ದರು.

ನಾವಿನ್ನೂ ಮದುವೆಯಾಗಿಲ್ಲ, ಅತ್ತೆ. ಕಾಯುತ್ತಿದ್ದೇವೆ.

ಇಂತಿ,
ನಿಮ್ಮ ಸೊಸೆ


ಅಕ್ಟೋಬರ್ ೨೧

ಚಿರಂಜೀವಿ ಅಳಿಯಂದಿರಿಗೆ ಅತ್ತೆಯ ಆಶೀರ್ವಾದಗಳು.

ನಿಮ್ಮನ್ನು ನಾನು ನೋಡಿಲ್ಲ. ಆದರೂ ಮೊದಲ ಕಾಗದ ನಿಮಗೇ ಬರೆಯುತ್ತಿದ್ದೇನೆ, ಆ ಹಲ್ಲಿನವಳಿಗಲ್ಲ. ನಿಮ್ಮನ್ನು ಬೇಸಿಗೆ, ಮಳೆ ಎರಡೂ ಕಳೆಯುವವರೆಗೆ ಕಾಯಿಸಿದವಳು ನಾನು. ಒಬ್ಬ ಮುದುಕಿ ಒಂದು ಲಕೋಟೆ ಓದದೆ ಹರಿದದ್ದಕ್ಕೆ ನೀವು ಹೀಗೆ ಕಾದಿರಲ್ಲ, ಇದನ್ನು ಯಾವ ತಕ್ಕಡಿಯಲ್ಲಿ ತೂಗುವುದೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿಕೊಡಿ.

ನಾಳೆಯೇ ರಿಜಿಸ್ಟರ್ ಆಫೀಸಿಗೆ ಹೋಗಿ. ನನಗಾಗಿ ಇನ್ನೊಂದು ದಿನವೂ ನಿಲ್ಲಬೇಡಿ. ಸಹಿ ಮಾಡಿದ ಮೇಲೆ ಇಬ್ಬರೂ ರೈಲು ಹತ್ತಿ ಇಲ್ಲಿಗೆ ಬನ್ನಿ, ಬೇಗ ಬನ್ನಿ, ಹಕ್ಕಿಗಳು ಬೆಳಗಾದರೆ ಸಾಕು ಮೇಯುತ್ತಿವೆ. ಬರುವವರೆಗೆ ಕಾಯಿ ಉಳಿಸಲು ನಾನು ಗಿಡದ ಕೆಳಗೆ ಕೋಲು ಹಿಡಿದು ಕೂತಿದ್ದೆ, ನಿನ್ನೆ ಕೋಲು ಬಿಸಾಡಿದೆ. ತಿನ್ನಲಿ, ಅವಕ್ಕೂ ಹೊಟ್ಟೆಯಿದೆ. ನಿಮಗೆ ತೋರಿಸಲು ಒಂದು ಕೊಂಬೆಗೆ ಹಳೆಯ ಸೊಳ್ಳೆಪರದೆ ಕಟ್ಟಿದ್ದೇನೆ. ನನ್ನ ಮಗನ ಫೋಟೋ ಹಜಾರದಲ್ಲಿದೆ. ತೆಗೆದು ಒಳಗಿಡಬೇಕೇ ಎಂದು ಒಂದು ಗಳಿಗೆ ಯೋಚಿಸಿದೆ, ಅಲ್ಲೇ ಬಿಟ್ಟಿದ್ದೇನೆ. ನೀವು ಅಂಥವರಲ್ಲ ಎಂದು ನನಗನ್ನಿಸಿತು.

ಎರಡು ಗಿಡವನ್ನೂ ಮತ್ತೆ ಒಂದೇ ಕಡೆ ನೆಡೋಣ ಎಂದು ನಿಮ್ಮ ಹೆಂಡತಿ ಹೇಳಬಹುದು. ಬೇಡ ಎನ್ನಿ. ಅದು ಅಲ್ಲೇ ಇರಲಿ, ಇದು ಇಲ್ಲೇ ಇರಲಿ. ಹಾಗಿದ್ದರೆ ಪ್ರತಿ ವರ್ಷ ಹೂ ಬಿಟ್ಟಾಗ ನೀವಿಬ್ಬರೂ ನನಗೆ ಒಂದು ದಪ್ಪ ಲಕೋಟೆ ಹಾಕಲೇಬೇಕಾಗುತ್ತದೆ. ಮುಂದಿನ ಸಲ ಮೊದಲು ಕಾಗದ ತೆಗೆದು ಪೂರ್ತಿ ಓದುತ್ತೇನೆ. ಆಮೇಲೆ ಗಾಳಿ ನೋಡಿಕೊಂಡು, ಅದೇ ಮೆಟ್ಟಿಲ ಮೇಲೆ ನಿಂತು, ಲಕೋಟೆ ಹರಿಯುತ್ತೇನೆ.

ಇಂತಿ,
ನಿಮ್ಮಿಬ್ಬರ ಅತ್ತೆ